ಅಂಚಿನ ಬರಹ ಮತ್ತು ಪೂಜೆಯ ಪುಸ್ತಕ: ಊರು ಬಿಟ್ಟವರನ್ನು ಕರಾವಳಿಯ ಇಗರ್ಜಿಗಳು ಹುಡುಕುವ ಬಗೆ

ಕರಾವಳಿಯ ಕ್ಯಾಥೋಲಿಕ್ ಇಗರ್ಜಿಯೊಂದಕ್ಕೆ ನೂರೋ ನೂರೈವತ್ತೋ ತುಂಬುವ ಹೊತ್ತಿಗೆ ಒಂದು ಸಮಿತಿ ಏಳುತ್ತದೆ. ಗಂಟೆಗೋಪುರದ ದುರಸ್ತಿ, ಸ್ಮರಣ ಸಂಚಿಕೆ, ಊಟದ ಚಪ್ಪರ ಇವುಗಳ ನಡುವೆ ಸಮಿತಿ ಕೈಗೆತ್ತಿಕೊಳ್ಳುವ ಇನ್ನೊಂದು ಕೆಲಸ ಊರು ಬಿಟ್ಟವರ ಪಟ್ಟಿ. ಮುಂಬೈಯಲ್ಲಿ ಯಾರಿದ್ದಾರೆ, ಕುವೈತಿನಲ್ಲಿ ಯಾರು, ಟೊರಾಂಟೊ ಮೆಲ್ಬರ್ನ್‌ಗಳಿಗೆ ಹೋದವರ ಮಕ್ಕಳು ಈಗ ಎಲ್ಲಿ. ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರು ಮನೆಮನೆ ತಿರುಗಿ ಫೋನ್ ನಂಬರು ಬರೆದುಕೊಳ್ಳುತ್ತಾರೆ, ವಾಟ್ಸಾಪ್ ಗುಂಪು ಹುಟ್ಟುತ್ತದೆ, ಆಮಂತ್ರಣ ಹೋಗುತ್ತದೆ. ಹಬ್ಬ ಕಳೆದು ನಾಲ್ಕು ವರ್ಷಕ್ಕೆ ಆ ಪಟ್ಟಿ ಎಲ್ಲಿದೆ ಎಂದು ಕೇಳಿದರೆ ಆಗಿನ ಕಾರ್ಯದರ್ಶಿಯ ಹಳೇ ಫೋನಿನಲ್ಲಿರಬೇಕು ಎಂಬ ಉತ್ತರ ಬರುತ್ತದೆ.

ಈ ಟಿಪ್ಪಣಿ ಆ ಪಟ್ಟಿಗಿಂತ ಹಿಂದಿನ ಕಾಗದಗಳನ್ನು ಕುರಿತದ್ದು. ದೂರ ಹೋದ ಮಗನ ಅಥವಾ ಮಗಳ ಮದುವೆಯನ್ನು ಹುಟ್ಟೂರಿನ ಇಗರ್ಜಿಗೆ ತಿಳಿಸಲೇಬೇಕೆಂಬ ಕಟ್ಟಳೆ ನೂರು ವರ್ಷಕ್ಕೂ ಹಿಂದಿನದು. ಸಾವಿಗೆ ಅಂಥ ಕಟ್ಟಳೆ ಇಲ್ಲ. ಹಾಗಾಗಿ ಇಗರ್ಜಿಯ ಕಪಾಟಿನಲ್ಲಿ ಊರು ಬಿಟ್ಟವರೆಲ್ಲ ಹುಟ್ಟಿರುತ್ತಾರೆ, ಬಹುಮಂದಿ ಮದುವೆಯಾಗಿರುತ್ತಾರೆ, ಸತ್ತವರು ಮಾತ್ರ ತೀರ ಕಡಿಮೆ. ಆ ಸಾವುಗಳು ಎಲ್ಲೂ ದಾಖಲಾಗಿಲ್ಲವೆಂದಲ್ಲ. ಯಾರೂ ದಾಖಲೆಯೆಂದು ಎಣಿಸದ ಪುಸ್ತಕವೊಂದರಲ್ಲಿ ಅವು ಇವೆ ಎಂಬುದು ನಾನು ಇಲ್ಲಿ ಹೇಳಬೇಕೆಂದಿರುವ ಮಾತು.

ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣಗಳ ಪುಸ್ತಕಗಳ ಜೊತೆಗೆ ಮನೆಮನೆಯ ಆತ್ಮಗಳ ಲೆಕ್ಕ ಬರೆಯುವ ಮಾದರಿಯನ್ನೂ ಕೊಟ್ಟಿತು. ಇವೆಲ್ಲ ಊರಲ್ಲೇ ಹುಟ್ಟಿ ಊರ ಮಣ್ಣಿಗೇ ಸೇರುವ ಜನರಿಗೆ ಹೊಂದುವ ಲೆಕ್ಕ. ಊರು ದಾಟಿದವನನ್ನು ಈ ಪುಸ್ತಕಗಳಿಗೆ ಮತ್ತೆ ಕಟ್ಟಿಹಾಕಿದ್ದು 1907ರ ಆಗಸ್ಟ್‌ನಲ್ಲಿ ಹತ್ತನೆಯ ಪಿಯುಸ್ ಪೋಪರ ಕಾಲದಲ್ಲಿ ಹೊರಟು 1908ರ ಈಸ್ಟರ್‌ನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆಜ್ಞೆ. ಕ್ಯಾಥೋಲಿಕನೊಬ್ಬ ಜಗತ್ತಿನ ಯಾವ ಮೂಲೆಯಲ್ಲಿ ಮದುವೆಯಾದರೂ ಅಲ್ಲಿನ ವಿಗಾರರು, ಅಂದರೆ ಇಗರ್ಜಿಯ ಮುಖ್ಯ ಗುರುಗಳು, ಅವನಿಗೆ ಜ್ಞಾನಸ್ನಾನವಾದ ಇಗರ್ಜಿಗೆ ಬರೆದು ತಿಳಿಸಬೇಕು. ಇಲ್ಲಿನ ವಿಗಾರರು ಅದನ್ನು ಅವನ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲೇ ನಮೂದಿಸಬೇಕು. 1917ರ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಉಳಿಸಿಕೊಂಡಿತು. ಈಗ ಜಾರಿಯಲ್ಲಿರುವ 1983ರ ಸಂಹಿತೆಯ 535 ಮತ್ತು 1122ನೆಯ ಕಲಮುಗಳು ಅದನ್ನೇ ಹೇಳುತ್ತವೆ. ಉದ್ದೇಶವೇನೂ ವಾತ್ಸಲ್ಯದ್ದಲ್ಲ. ಹೆಂಡತಿಯನ್ನು ಊರಲ್ಲಿಟ್ಟು ದೂರದ ಪಟ್ಟಣದಲ್ಲಿ ಇನ್ನೊಬ್ಬಳ ಕೈ ಹಿಡಿಯುವವನನ್ನು ತಡೆಯುವುದೂ ಗುಟ್ಟಿನ ಮದುವೆಗಳಿಗೆ ತೆರೆ ಎಳೆಯುವುದೂ ಅದರ ಗುರಿ. ಮಂಗಳೂರಿಗೆ ಮದ್ರಾಸಿನ ಕಡೆಯಿಂದ ರೈಲು ಬಂದದ್ದೂ ಅದೇ 1907ರಲ್ಲಿ. ಎರಡಕ್ಕೂ ನಂಟೇನಿಲ್ಲ, ಆದರೆ ನಮ್ಮ ಜನ ಊರು ಬಿಡುವ ದಾರಿಯೂ ಅವರ ಬೆನ್ನು ಹಿಡಿಯುವ ಕಾಗದದ ದಾರಿಯೂ ಹೆಚ್ಚುಕಡಿಮೆ ಒಟ್ಟಿಗೇ ತೆರೆದುಕೊಂಡವು.

ಜ್ಞಾನಸ್ನಾನದ ಹಳೇ ಪುಸ್ತಕವೊಂದರ ಪುಟವನ್ನು ಕಣ್ಣಾರೆ ಕಂಡರೆ ಈ ಕಟ್ಟಳೆ ನಡೆದ ರೀತಿ ತಿಳಿಯುತ್ತದೆ. ದಪ್ಪ ರಟ್ಟು, ಉದ್ದನೆ ಹಾಳೆ, ಒಂದು ಪುಟಕ್ಕೆ ಮೂರೋ ನಾಲ್ಕೋ ಮಕ್ಕಳು. ಮಗುವಿನ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆತಾಯಿ, ಪದ್ರಿನ್ ಮದ್ರಿನ್ ಎಂದು ಕರೆಯುವ ಜ್ಞಾನಪಿತ ಜ್ಞಾನಮಾತೆಯರು, ಕೊನೆಗೆ ವಿಗಾರರ ಸಹಿ. ಲ್ಯಾಟಿನ್ ಸೂತ್ರದ ನಡುವೆ ಊರ ಮನೆಯ ಹೆಸರು ತುಂಬ ಅಡಕವಾಗಿ ಕೂತಿರುತ್ತದೆ. ಎಡಕ್ಕೆ ಮೂರು ಬೆರಳಗಲದ ಖಾಲಿ ಅಂಚು. ಮಗುವಿಗೆ ಇಪ್ಪತ್ತೈದೋ ಮೂವತ್ತೋ ಆದ ಮೇಲೆ ಆ ಅಂಚು ತುಂಬುತ್ತದೆ: ಬೇರೆ ಶಾಯಿ, ಬೇರೆ ಕೈ, ಗಂಡನ ಅಥವಾ ಹೆಂಡತಿಯ ಹೆಸರು, ಇಸವಿ, ಮತ್ತು ಒಂದು ಊರು. ಬಾಂದ್ರಾ, ಮಾಹಿಮ್, ಬೈಕುಲ್ಲಾ. ಪುಟ ಮುಂದೆ ಸರಿದಂತೆ ಬಹರೈನ್, ದುಬೈ. ಒಂದು ಫಿರ್ಗಜೆಯ, ಅಂದರೆ ಒಂದು ಇಗರ್ಜಿಗೆ ಸೇರಿದ ಜನರ, ವಲಸೆಯ ಚರಿತ್ರೆ ಬರೆಯಲು ಕೂತವರು ಮೊದಲು ನೋಡಬೇಕಾದ್ದು ಈ ಮೂರು ಬೆರಳಗಲವನ್ನು. ಧರ್ಮಗುರುಗಳಾದವರ ದೀಕ್ಷೆಯೂ ಕನ್ಯಾಸ್ತ್ರೀಯರ ವ್ರತವೂ ಇದೇ ಅಂಚಿಗೆ ಬರುತ್ತವೆ.

ಅಂಚನ್ನು ಓದುವುದು ಎಷ್ಟು ಸುಲಭವೋ ಅದರಿಂದ ಆಸಾಮಿಯನ್ನು ಗುರುತಿಸುವುದು ಅಷ್ಟೇ ಕಷ್ಟ. ಚೊಚ್ಚಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ನಮ್ಮ ಕ್ಯಾಥೋಲಿಕರಲ್ಲಿ ಹಿಂದೆ ಗಟ್ಟಿಯಾಗಿತ್ತು. ಮನೆತನದ ಹೆಸರುಗಳಂತೂ ಡಿಸೋಜ, ಲೋಬೊ, ಪಿಂಟೊ, ಡಿಸಿಲ್ವ ಎಂದು ಕೆಲವೇ ಕೆಲವು. ನಾಲ್ಕು ಗಂಡುಮಕ್ಕಳು ತಮ್ಮ ತಮ್ಮ ಚೊಚ್ಚಲನಿಗೆ ಅಜ್ಜನ ಹೆಸರನ್ನೇ ಇಟ್ಟರೆ ಒಂದೇ ಹೆಸರಿನ ನಾಲ್ವರು ಸೋದರರ ಮಕ್ಕಳು ಒಂದೇ ಪುಸ್ತಕದಲ್ಲಿ ಸಿಗುತ್ತಾರೆ. ಮುಂಬೈಯ ವಿಗಾರರು ಬರೆದ ಪತ್ರದಲ್ಲಿ ತಂದೆಯ ಹೆಸರು ಬಿಟ್ಟುಹೋಗಿದ್ದರೆ ಇಲ್ಲಿ ಮದುವೆ ಯಾರ ಅಂಚಿಗೆ ಬೀಳುತ್ತದೋ ದೇವರೇ ಬಲ್ಲ. ಇನ್ನೊಂದು ತೊಡಕು ತವರಿನದು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಬರುವುದರಿಂದ ಎಷ್ಟೋ ಮೊದಲ ಮಕ್ಕಳ ಜ್ಞಾನಸ್ನಾನ ತಾಯಿಯ ಊರ ಇಗರ್ಜಿಯಲ್ಲಿ ಆಗಿರುತ್ತದೆ. ತಂದೆಯ ಊರಿನ ಪುಸ್ತಕವನ್ನಷ್ಟೇ ತಿರುವಿದವನಿಗೆ ಅಂಥ ಮಗು ಹುಟ್ಟಿಯೇ ಇಲ್ಲ. ಇದರ ಮೇಲೆ 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಅಜ್ಜಿಯ ಹಳೇ ಪ್ರಮಾಣಪತ್ರದಲ್ಲಿ ಮಂಗಳೂರು ಧರ್ಮಪ್ರಾಂತ್ಯ ಎಂದಿರುವ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಇಂದು ಉಡುಪಿಯ ಕೆಥೆಡ್ರಲ್. ಈ ಸಿಕ್ಕುಗಳನ್ನೆಲ್ಲ ಒಬ್ಬೊಬ್ಬರಾಗಿ ಬಿಡಿಸಿದವರು ಮೈಕಲ್ ಲೋಬೊ. 1999ರಲ್ಲಿ ಮಂಗಳೂರಿಗರ ಅಂತರರಾಷ್ಟ್ರೀಯ ವಿಳಾಸಕೋಶವೊಂದನ್ನು ಹೊರತಂದ ಅವರು ಮನೆತನಗಳ ವಂಶಾವಳಿಯ ದೊಡ್ಡ ಕೆಲಸವನ್ನೇ ಹೊತ್ತುಕೊಂಡರು. ಒಂದು ಫಿರ್ಗಜೆಯ ಸಮಿತಿ ಆರು ತಿಂಗಳಲ್ಲಿ ಮಾಡಿ ಮುಗಿಸುವೆನೆಂದು ಹೊರಡುವ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಅವರ ಗ್ರಂಥಗಳೇ ಸಾಕ್ಷಿ.

ಇನ್ನು ಕಾನೂನಿನ ಕಣ್ಣಿಗೆ ಈ ಹುಡುಕಾಟವೇ ವಿಚಿತ್ರ. ಫಿರ್ಗಜ್ ಎಂದರೆ ಒಂದು ಗಡಿಯೊಳಗಿನ ಜನ. ಬೇರೆ ಕಡೆ ಉಳಿಯುವ ಮನಸ್ಸಿನಿಂದ ಹೋದವನಿಗೆ, ಅಥವಾ ಅಲ್ಲಿ ಪೂರ್ತಿ ಐದು ವರ್ಷ ಕಳೆದವನಿಗೆ, ಆ ಊರೇ ನೆಲೆ, ಅಲ್ಲಿನ ವಿಗಾರರೇ ವಿಗಾರರು ಎನ್ನುತ್ತದೆ ಸಂಹಿತೆ. ಈ ಲೆಕ್ಕದಲ್ಲಿ ದುಬೈಗೆ ಹೋಗಿ ಆರು ವರ್ಷವಾದ, ನಮ್ಮ ಬೆಳ್ಮಣ್ ಎಂಬ ಊರಿನವ ದುಬೈಯ ಸೈಂಟ್ ಮೇರೀಸ್ ಇಗರ್ಜಿಯವನು. ಆದರೆ ಅವನನ್ನು ಕೇಳಿ ನೋಡಿ. ತನ್ನ ಫಿರ್ಗಜ್ ಯಾವುದೆಂದರೆ ಬೆಳ್ಮಣ್ ಎಂದೇ ಹೇಳುತ್ತಾನೆ. ಹೀಗೆ ಹೇಳುವುದರಲ್ಲಿ ಊರಿನ ಮೋಹಕ್ಕಿಂತ ವೀಸಾದ ಪಾಲು ದೊಡ್ಡದು ಎಂದು ನನ್ನ ಎಣಿಕೆ. ಕೊಲ್ಲಿಯಲ್ಲಿ ಇಗರ್ಜಿಗಳಿವೆ: ಬಹರೈನಿನದು 1939ರದ್ದು, ಕುವೈತಿನ ಕೆಥೆಡ್ರಲ್ 1961ರದ್ದು, ದುಬೈಯ ಸೈಂಟ್ ಮೇರೀಸ್ 1967ರದ್ದು. ಕೊಂಕಣಿಯಲ್ಲಿ ಪೂಜೆಯೂ ಉಂಟು. ಆದರೆ ಪೌರತ್ವ ಸಿಗುವುದು ತೀರ ಅಪರೂಪ, ಕೆಲಸ ಮುಗಿದ ಮೇಲೆ ಬಹುಮಂದಿ ಮರಳಲೇಬೇಕು. ಹಾಗಾಗಿ ಅವರು ಊರಲ್ಲಿ ಮನೆ ಕಟ್ಟಿಸುತ್ತಾರೆ, ಇಗರ್ಜಿಗೆ ವರ್ಷದ ವಂತಿಗೆ ತಪ್ಪಿಸುವುದಿಲ್ಲ, ಸಿಮಿತ್ರಿಯಲ್ಲಿ ಅಪ್ಪನ ಗೋರಿ ನೋಡಿಕೊಳ್ಳುತ್ತಾರೆ. ಕೆನಡಾ, ಆಸ್ಟ್ರೇಲಿಯಗಳಿಗೆ ಹೋದವರಿಗೆ ಇಂಥ ಒತ್ತಾಯ ಇಲ್ಲ. ಅವರೇ ನಿಜವಾದ ಅರ್ಥದಲ್ಲಿ ಮಾಜಿ ಸದಸ್ಯರು. ಸಮಿತಿಗಳು ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿ ಒಂದೇ ಒಕ್ಕಣೆಯ ಪತ್ರ ಕಳಿಸುತ್ತವೆ. ಒಬ್ಬನಿಗೆ ಅದು ಮನೆಯ ಸುದ್ದಿ, ಇನ್ನೊಬ್ಬನಿಗೆ ಅಜ್ಜನ ಊರಿನ ಸುದ್ದಿ.

ಎರಡನೆಯ ತಲೆಮಾರಿಗೆ ಬಂದರೆ ಪುಸ್ತಕದ ದಾರವೇ ಹರಿಯುತ್ತದೆ. ಕುವೈತಿನಲ್ಲಿ ಜ್ಞಾನಸ್ನಾನವಾದ ಮಗುವಿನ ದಾಖಲೆ ಕುವೈತಿನದು. ಅದರ ಮದುವೆಯ ಸುದ್ದಿ ಮುಂದೆ ಹೋಗುವುದೂ ಅಲ್ಲಿಗೇ. ಊರಿನ ಪುಸ್ತಕಕ್ಕೆ ಆ ಮಗುವಿನ ಗುರುತಿಲ್ಲ.

ಕಾಗದ ಹಿಡಿಯಲಾರದ ಇಂಥವರನ್ನು ಹಿಡಿದಿಟ್ಟದ್ದು ಭತ್ತದ ತೆನೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ನಡ ಪತ್ರಿಕೆಗಳ ತೆನೆ ಹಬ್ಬ, ಮರಿಯಮ್ಮನ ಜನ್ಮದಿನವೂ ಹೌದು, ಹೊಸ ಅಕ್ಕಿ ಊಟವೂ ಹೌದು. ಇದನ್ನು 1763ರಲ್ಲಿ ಫರಂಗಿಪೇಟೆಯ ಮೊಂತ್ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೊಕಿಂ ಮಿರಾಂದ ಶುರುಮಾಡಿದರೆಂದು ಪರಂಪರೆ ಹೇಳುತ್ತದೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳ ಮುಂದೆ ಚೆಲ್ಲುತ್ತಾರೆ. ಹಬ್ಬದ ದಿನ ವಿಗಾರರು ಆಶೀರ್ವದಿಸಿದ ತೆನೆ ಮನೆಗೊಂದರಂತೆ ಬರುತ್ತದೆ. ಮನೆಯ ಹಿರಿಯರು ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಮೀನು ಮಾಂಸ ಸೋಂಕದ ಊಟ, ಪದಾರ್ಥಗಳ ಎಣಿಕೆ ಬೆಸವೇ ಆಗಿರಬೇಕು. ಮಳೆ ಇನ್ನೂ ನಿಲ್ಲದ, ರಜೆ ಸಿಗದ ತಿಂಗಳು, ಪರಊರಿನವರು ಬರಲಾರರು. ಆದ್ದರಿಂದ ಅವರ ಪಾಲಿನ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿ ಬೆಳೆಯಿತು. ನಾಲ್ಕು ಕಾಳು ಮುಂಬೈಗೆ, ನಾಲ್ಕು ಮಸ್ಕತ್ತಿಗೆ.

ಈ ಲಕೋಟೆಯನ್ನು ಹಂಚಿಕೆಯ ಪಟ್ಟಿಯೆಂದು ಓದಬೇಕು. ಯಾರಿಗೆ ಕಾಳು ಹೋಗುತ್ತದೋ ಅವರು ಮನೆಯವರು. ಸೊಸೆಗೂ ಹೋಗುತ್ತದೆ, ಊರೇ ಕಾಣದ ಮೊಮ್ಮಗುವಿಗೂ ಹೋಗುತ್ತದೆ. ಇಗರ್ಜಿಯ ಪುಸ್ತಕ ವ್ಯಕ್ತಿಯನ್ನು ಅವನಿಗೆ ಜ್ಞಾನಸ್ನಾನವಾದ ಜಾಗಕ್ಕೆ ಕಟ್ಟಿದರೆ ತೆನೆ ಅವನನ್ನು ಉಣ್ಣುವ ಮನೆಗೆ ಕಟ್ಟುತ್ತದೆ. ಈಚೆಗೆ ಎರಡು ಕಡೆಯಿಂದ ಇದಕ್ಕೆ ಪೆಟ್ಟು ಬಿದ್ದಿದೆ. ಬೇಸಾಯ ಬಿಟ್ಟ ಫಿರ್ಗಜೆಗಳಲ್ಲಿ ತೆನೆಯನ್ನೇ ಬೇರೆ ಊರಿನ ಗದ್ದೆಯಿಂದ ತರಿಸಬೇಕಾಗಿದೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಂಥ ದೇಶಗಳಲ್ಲಿ ಸಿಪ್ಪೆಯಿರುವ ಭತ್ತ ಬೀಜದ ಲೆಕ್ಕಕ್ಕೆ ಬರುತ್ತದೆ, ಗಡಿಯಲ್ಲೇ ತಡೆಯುತ್ತಾರೆ. ಕೊಲ್ಲಿಗೆ ಹೋಗುವ ಲಕೋಟೆ ಮೆಲ್ಬರ್ನಿಗೆ ಹೋಗದು. ಯಾರು ಹತ್ತಿರದವರು, ಯಾರು ದೂರವಾದವರು ಎಂಬ ಮೇಲಿನ ಭೇದ ಇಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ.

ಇಗರ್ಜಿಯ ವಾರ್ಷಿಕ ಹಬ್ಬಗಳ ಕಾಲವೂ ಇಲ್ಲಿ ನೆನೆಯತಕ್ಕದ್ದು. ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ದಿನ ಪಂಚಾಂಗದಲ್ಲಿ ಆಗಸ್ಟ್ 10. ಆದರೆ ಅತ್ತೂರು ಜಾತ್ರೆ ನಡೆಯುವುದು ಜನವರಿಯಲ್ಲಿ. ಆಗಸ್ಟಿನ ಮಳೆಯಲ್ಲಿ ಜಾತ್ರೆ ಕೂಡುವುದು ಹೇಗೆ? ಊರಿನ ಜನರ ಅನುಕೂಲಕ್ಕೆ ಒದಗಿದ ಈ ಒಣಗಾಲ ಕ್ರಿಸ್‌ಮಸ್ ರಜೆಯ ಬೆನ್ನಿಗೇ ಬರುವುದರಿಂದ ಪರಊರಿನವರಿಗೂ ಒದಗಿತು.

ಈಗ ಸಾವಿನ ಮಾತು. ಹೂಳಿದ ಮೇಲೆ ಮರಣದ ಪುಸ್ತಕದಲ್ಲಿ ಬರೆಯಬೇಕೆಂದು 1182ನೆಯ ಕಲಮು ಹೇಳುತ್ತದೆ. ಎಲ್ಲಿ ಹೂಳುತ್ತಾರೋ ಅಲ್ಲಿನ ಪುಸ್ತಕ. ಸತ್ತವನಿಗೆ ಜ್ಞಾನಸ್ನಾನವಾದ ಊರಿಗೆ ಬರೆದು ತಿಳಿಸಿ ಎಂದು ಅದು ಹೇಳುವುದಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ: ಸತ್ತವನು ಎರಡನೆಯ ಮದುವೆಯಾಗಲಾರ. ಹಾಗಾಗಿ 1930ರ ದಶಕದಲ್ಲಿ ಮುಂಬೈಗೆ ಹೋಗಿ ಅಲ್ಲೇ ಮಣ್ಣಾದವನು ಊರಿನ ಪುಸ್ತಕದ ಪ್ರಕಾರ ಇಂದಿಗೂ ಬದುಕಿದ್ದಾನೆ. ಆದರೆ ಊರಲ್ಲಿ ಉಳಿದ ತಂಗಿಗೆ ಸುದ್ದಿ ಬಂದಿರುತ್ತದೆ. ಆಕೆ ವಿಗಾರರ ಕಚೇರಿಗೆ ಹೋಗಿ ಅಣ್ಣನ ಆತ್ಮಕ್ಕೆ ಒಂದು ಪೂಜೆ ಹೇಳಿಸುತ್ತಾಳೆ. ಆ ಕೋರಿಕೆ ಒಂದು ಪುಸ್ತಕಕ್ಕೆ ಏರುತ್ತದೆ: ಯಾರ ಹೆಸರಿನಲ್ಲಿ, ಯಾರು ಹೇಳಿಸಿದ್ದು, ಕೊಟ್ಟ ಹಣ, ಪೂಜೆ ಸಲ್ಲಿಸಿದ ದಿನ. ಕಾಣಿಕೆಯ ಲೆಕ್ಕಕ್ಕಾಗಿ ಪ್ರತಿ ಇಗರ್ಜಿಯೂ ಇಂಥ ಪುಸ್ತಕ ಇಡಲೇಬೇಕು. 958ನೆಯ ಕಲಮಿನಂತೆ ಧರ್ಮಪ್ರಾಂತ್ಯದ ಅಧಿಕಾರಿಗಳು ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಲೂ ಬೇಕು. ಪರಿಶೀಲನೆ ಮುಗಿಯಿತೆಂದರೆ ಅದು ಖರ್ಚಾದ ರಸೀತಿ ಪುಸ್ತಕದ ಹಾಗೆ. ಜ್ಞಾನಸ್ನಾನದ ಪುಸ್ತಕಕ್ಕೆ ಬೀಗದ ಕಪಾಟು ಸಿಕ್ಕರೆ ಇದಕ್ಕೆ ಸಿಗುವುದು ಗೆದ್ದಲು.

ಪರಊರಿನ ಸಾವು ಫಿರ್ಗಜೆಗೆ ತಿಳಿದ ಮೊದಲ ಲಿಖಿತ ಕುರುಹು ಎಷ್ಟೋ ಸಲ ಇದೊಂದೇ. ಮೂವತ್ತನೆಯ ದಿನದ ಪೂಜೆ, ವರ್ಷದ ಪೂಜೆ, ನವೆಂಬರ್ 2ರ ಸಕಲ ಆತ್ಮಗಳ ದಿನದ ಪಟ್ಟಿ: ಒಂದೇ ಹೆಸರು ವರ್ಷವರ್ಷ ಬರುತ್ತದೆ, ಹೇಳಿಸುವವರು ಬದಲಾಗುತ್ತಾರೆ. ಮೊದಲು ತಂಗಿ, ಆಮೇಲೆ ತಂಗಿಯ ಮಗ, ಆಮೇಲೆ ದುಬೈಯಿಂದ ಹಣ ಕಳಿಸುವ ಮೊಮ್ಮಗಳು, ಒಂದು ವರ್ಷ ಯಾರೂ ಇಲ್ಲ. ಊರು ಮತ್ತು ಊರು ಬಿಟ್ಟ ಮನೆತನದ ನಡುವಿನ ಮಾತು ಎಂದು ನಿಂತಿತು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸುವ ಇನ್ನೊಂದು ಮೂಲ ನನಗೆ ಕಂಡಿಲ್ಲ. 1938ರಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಹೊತ್ತು ತರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯ ಮರಣವಾರ್ತೆಗಳೂ ನೆರವಿಗೆ ಬರುತ್ತವೆ. ಆದರೆ ಅಲ್ಲಿ ಅಚ್ಚಾದವರು ಅಚ್ಚು ಹಾಕಿಸುವ ಶಕ್ತಿ ಇದ್ದವರು. ಪೂಜೆ ಹೇಳಿಸಲು ಅಷ್ಟು ದುಡ್ಡು ಬೇಕಾಗಿರಲಿಲ್ಲ.

ದುಡ್ಡಿನ ಮಾತು ಬಂದದ್ದರಿಂದ ಹೇಳಬೇಕು. ಸ್ಮರಣ ಸಂಚಿಕೆಗಳಲ್ಲಿ ಊರು ಬಿಟ್ಟವರ ಎರಡು ಬಗೆಯ ಪಟ್ಟಿ ಚೆನ್ನಾಗಿ ಅಚ್ಚಾಗುತ್ತದೆ. ಒಂದು ದಾನಿಗಳದು. ಇನ್ನೊಂದು ಫಿರ್ಗಜೆಯಿಂದ ಹೊರಟ ಧರ್ಮಗುರು, ಧರ್ಮಭಗಿನಿಯರದು, ಭಾವಚಿತ್ರ ಸಮೇತ. ಎರಡನೆಯದು ಬಹುಪಾಲು ಪೂರ್ಣವಾಗಿರುತ್ತದೆ, ಏಕೆಂದರೆ ಅವರ ಲೆಕ್ಕ ಅವರ ಮಠಗಳಲ್ಲಿದೆ. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಶುರುವಾದ ಬೆಥನಿ ಸಂಸ್ಥೆಗೆ ಬರೆದರೆ ಊರಿನ ಸಿಸ್ಟರ್ ಯಾವ ರಾಜ್ಯದ ಯಾವ ಶಾಲೆಯಲ್ಲಿದ್ದರು ಎಂಬುದು ಸಿಗುತ್ತದೆ. ಮುಂಬೈಯ ಮನೆಗಳಲ್ಲಿ ಆಯಾ ಆಗಿದ್ದವಳು, ಹೋಟೆಲಿನ ಅಡಿಗೆಯವನು, ಹಡಗಿನ ಕೆಲಸಕ್ಕೆ ಹೋದವನು ಯಾವ ಪಟ್ಟಿಯಲ್ಲೂ ಇಲ್ಲ. ಗೋವೆಯವರಿಗೆ ಈ ವಿಷಯದಲ್ಲಿ ಒಂದು ಆಸರೆ ಇತ್ತು. ಮುಂಬೈಯ ಧೋಬಿ ತಲಾವ್ ಸುತ್ತ ಅವರ ಹಳ್ಳಿಹಳ್ಳಿಗೊಂದು ಕೂಡ್ ಇತ್ತು; ಹಡಗಿನವರು ಟ್ರಂಕು ಇಟ್ಟು ಮಲಗುವ ಆ ಜಾಗದಲ್ಲಿ ಊರಿನ ಸಂತನ ಪೀಠ, ರಾತ್ರಿಯ ತೇರ್ಸ್ (ಜಪಮಾಲೆ), ಊರ ಹಬ್ಬದ ದಿನ ಅಲ್ಲೂ ಹಬ್ಬ. ಫಿರ್ಗಜೆಯ ಒಂದು ತುಂಡೇ ಅಲ್ಲಿ ನಿಂತಿತ್ತು. ಮಂಗಳೂರಿಗರಲ್ಲಿ ಊರುವಾರು ಕೂಡ್‌ಗಳು ಆ ಪ್ರಮಾಣದಲ್ಲಿ ಬೇರೂರಲಿಲ್ಲ. ಬಡವನ ಜಾಡು ಬೇಗ ತಪ್ಪಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ನೆರೆಯ ಪ್ರೊಟೆಸ್ಟೆಂಟ್ ಸಭೆಗಳ ಕಥೆ ಇದಕ್ಕೆ ತಿರುಗುಮುರುಗು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಶುರುಮಾಡಿದ ಬಾಸೆಲ್ ಮಿಷನ್ನಿನ ವರದಿ, ಪತ್ರ, ಛಾಯಾಚಿತ್ರಗಳ ದೊಡ್ಡ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಇಲ್ಲಿ ಜನ ಊರಲ್ಲಿದ್ದಾರೆ, ಕಾಗದ ದೂರ ಹೋಗಿದೆ. ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಮುತ್ತಜ್ಜನ ಸುಳಿವಿಗಾಗಿ ಮಂಗಳೂರಿನ ಬಲ್ಮಠದವರು ಬಾಸೆಲಿಗೆ ಬರೆಯಬೇಕು.

ಹಾಗಾದರೆ ಕ್ಯಾಥೋಲಿಕ್ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ದೂರದವರ ಕೈಗೆ ಕೊಟ್ಟುಬಿಡಬಾರದೇ ಎಂದು ಸಮಿತಿಗಳಲ್ಲಿ ಯಾರಾದರೂ ಕೇಳುತ್ತಾರೆ. ಅಷ್ಟು ಸಲೀಸಲ್ಲ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘಕ್ಕೆ ಇಗರ್ಜಿಯ ಪುಸ್ತಕಗಳನ್ನು ಚಿತ್ರೀಕರಿಸಲು ಕೊಡಬಾರದೆಂದು ವ್ಯಾಟಿಕನ್ 2008ರಲ್ಲಿ ಜಗತ್ತಿನ ಬಿಷಪರಿಗೆಲ್ಲ ತಿಳಿಸಿತು. ಆ ಸಂಘವನ್ನು ನಡೆಸುವ ಮೊರ್ಮನ್ನರು ಸತ್ತವರ ಹೆಸರಿನಲ್ಲಿ ಜ್ಞಾನಸ್ನಾನ ನಡೆಸುತ್ತಾರೆಂಬುದು ಅದರ ತಕರಾರು. ಊರ ಮಟ್ಟದಲ್ಲಿ ಬೇರೆ ಅಳುಕುಗಳಿವೆ. ತಂದೆಯ ಹೆಸರಿಲ್ಲದ ಮಗು, ರದ್ದಾದ ಮದುವೆ, ಎಲ್ಲವೂ ಆ ಪುಸ್ತಕಗಳಲ್ಲಿವೆ, ಸಂಬಂಧಪಟ್ಟವರು ಬದುಕಿದ್ದಾರೆ. ಕೇಳಿದವರಿಗೆ ಅವರದೇ ದಾಖಲೆಯ ನಕಲು ಕೊಡುವ ಈಗಿನ ಕ್ರಮವೇ ಸರಿ ಎಂದು ನನ್ನ ಮತ. ಮದುವೆಗೆ ಆರು ತಿಂಗಳೊಳಗಿನ ಹೊಸ ಪ್ರಮಾಣಪತ್ರ ಬೇಕೆಂದು ಹೊರದೇಶದ ಇಗರ್ಜಿಗಳು ಕೇಳುವುದರಿಂದ ಪತ್ರಗಳು ಹೇಗೂ ಬರುತ್ತವೆ. ಹಾಗೆ ಬಂದ ಪತ್ರದ ಮೇಲಿನ ವಿಳಾಸವನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇದ್ದಿದ್ದರೆ ಅರ್ಧ ಪಟ್ಟಿ ತಾನಾಗಿಯೇ ಆಗಿರುತ್ತಿತ್ತು.

ಪೂಜೆ ಕೋರಿಕೆಯ ಪುಸ್ತಕಕ್ಕೆ ಈ ಯಾವ ಅಳುಕೂ ಇಲ್ಲ. ಆ ಹೆಸರುಗಳನ್ನು ಪೂಜೆಯಲ್ಲಿ ಎಲ್ಲರೆದುರು ಓದಿಯೇ ಆಗಿದೆ. ಉಳಿದಿರುವಷ್ಟು ಪುಸ್ತಕಗಳನ್ನು ಸಮಿತಿ ಮೊದಲು ಅಟ್ಟದಿಂದ ಇಳಿಸಲಿ. ಮೂರು ಕಾಲಮಿನ ಒಂದು ನೋಟ್‌ಬುಕ್ ಸಾಕು: ಸತ್ತವರು ಯಾರು, (ತಿಳಿದಿದ್ದರೆ) ಸತ್ತದ್ದು ಎಲ್ಲಿ, ಪೂಜೆ ಹೇಳಿಸಿದ್ದು ಯಾರು. ಮೊದಲ ಎರಡನ್ನು ಜ್ಞಾನಸ್ನಾನದ ಪುಸ್ತಕಕ್ಕೆ ತಾಳೆ ಹಾಕಿದರೆ ಅಲ್ಲಿ ಇನ್ನೂ ಬದುಕಿರುವ ಎಷ್ಟೋ ಮಂದಿಯ ಲೆಕ್ಕ ಮುಗಿಯುತ್ತದೆ. ಮೂರನೆಯ ಕಾಲಮಿನಲ್ಲಿ ಈಚಿನ ಹತ್ತು ವರ್ಷಗಳಲ್ಲಿ ಕಾಣುವ ಹೆಸರುಗಳು ಊರಿನೊಂದಿಗೆ ಇಂದಿಗೂ ಮಾತಿರುವವರವು; ಆಮಂತ್ರಣ ಮೊದಲು ಹೋಗಬೇಕಾದ್ದು ಅವರಿಗೆ, ದಾನಿಗಳಿಗೆ ಆಮೇಲೆ.